ಧನ ದನವಾದ ರಾತ್ರಿ

ಚಪ್ಪಲಿ ಹೊರಗೇ ಬಿಟ್ಟು ಬನ್ನಿ. ಮೆಟ್ಟಿಲು ಕಿರಿದು, ಕೊನೆಯದರ ಹತ್ತಿರ ತಲೆ ಬಗ್ಗಿಸಿ. ಬನಶಂಕರಿಯ ಒಂದು ಅಡ್ಡರಸ್ತೆ, ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ನಮ್ಮ ಎರಡು ಕೋಣೆಯ ಆಫೀಸು. ರಾತ್ರಿ ಒಂಬತ್ತೂಕಾಲು. ಸಂಜೆ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್, ಗಾಜು ಬಿರುಕು ಬಿಟ್ಟ ಒಂದು ಟ್ಯಾಬ್ಲೆಟ್, ಕೆನೆಗಟ್ಟಿದ ಕಾಫಿಯ ಎರಡು ಲೋಟ. ಆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹುಡುಗಿಯ ಎಡಗಡೆ ಕೂತುಕೊಳ್ಳಿ. ಅವಳು ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಬಲಗಡೆ ನಾನಿದ್ದೇನೆ, ಇಪ್ಪತ್ತು ವರ್ಷದಿಂದ ಇದೇ ಕಸುಬು.

ಪರದೆ ನೋಡಿ. ಮಕ್ಕಳಿಗೆ ಪದ ಕಲಿಸುವ ಆಟ. ಮೇಲೆ ಚಿತ್ರ, ಕೆಳಗೆ ಪದ. ಈಗ ಬಂದಿರುವ ಚಿತ್ರದಲ್ಲಿ ಬಾಯಿ ತೆರೆದ ಚೀಲ, ಚೀಲದ ತುಂಬ ಚಿನ್ನದ ನಾಣ್ಯ. ಅದರ ಕೆಳಗೆ ದುಂಡಗೆ ಬರೆದಿದೆ: ದನ.

ನಗಬೇಡಿ. ನಾವು ಮಧ್ಯಾಹ್ನವೇ ನಕ್ಕು ಮುಗಿಸಿದ್ದೇವೆ. ಹುಡುಗಿ ಮುಂದಿನ ಪದಕ್ಕೆ ಹೋಗುತ್ತಾಳೆ. ಹಣ್ಣಿನ ಬುಟ್ಟಿಯ ಕೆಳಗೆ ‘ಫಲ’ ಇರಬೇಕಿತ್ತು, ‘ಪಲ’ ಎಂದಿದೆ. ಅದರ ಮುಂದಿನದು ಭತ್ತದ ತೆನೆ, ‘ಬತ್ತ’ ಎಂದಿದೆ. ಅದೊಂದನ್ನು ಹಾಗೇ ಬಿಟ್ಟಿದ್ದರೂ ಮಂಡ್ಯದ ಕಡೆಯವರು ಯಾರೂ ದೂರುತ್ತಿರಲಿಲ್ಲ. ಆದರೆ ಪ್ರಯೋಗಕ್ಕೆಂದು ಆಟ ಕೊಟ್ಟಿದ್ದ ಶಾಲೆಯ ಮೇಷ್ಟ್ರು ಫೋನ್ ಮಾಡಿ, “ನಿಮ್ಮ ಆಟದಲ್ಲಿ ಮಹಾಪ್ರಾಣವೇ ಇಲ್ಲವಲ್ಲ ಸ್ವಾಮಿ, ಬೇಕೂಂತಲೇ ಬಿಟ್ರಾ?” ಎಂದು ಕೇಳಿದ್ದಾರೆ. ನಾಳೆ ಹತ್ತು ಗಂಟೆಗೆ ಅವರ ಎದುರಿಗೇ ಹೋಗಿ ನಿಲ್ಲಬೇಕು.

“ಫಾಂಟಲ್ಲೇ ಏನೋ ಹೋಗಿದೆ ಸರ್,” ಎನ್ನುತ್ತಾಳೆ ಹುಡುಗಿ.

“ಹಾಳೆ ತೆಗಿಯಮ್ಮ, ನೋಡೋಣ.”

ಹಾಳೆ ಎಂದರೆ ಇದು. ಪರದೆಗೆ ಚಿತ್ರ ಬರೆದುಕೊಡುವ ಜಿಪಿಯುಗೆ ಅಕ್ಷರ ಗೊತ್ತಿಲ್ಲ, ಕಾಗುಣಿತ ಗೊತ್ತಿಲ್ಲ, ಒತ್ತು ಎಲ್ಲಿ ಕೂರುತ್ತದೆ ಎಂಬುದಂತೂ ಮೊದಲೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಚಿತ್ರ ಮಾತ್ರ. ಹಾಗಾಗಿ ಆಟಕ್ಕೆ ಬೇಕಾದ ಅಕ್ಷರಗಳನ್ನೆಲ್ಲ ಮೊದಲೇ ಒಂದು ದೊಡ್ಡ ಚಿತ್ರದಲ್ಲಿ ಸಾಲಾಗಿ ಬರೆದಿಟ್ಟುಕೊಳ್ಳುತ್ತೇವೆ. ಅಟ್ಲಾಸ್ ಎನ್ನುತ್ತಾರೆ, ನಮ್ಮಲ್ಲಿ ಹಾಳೆ ಎಂದೇ ರೂಢಿ. 2048 ಚುಕ್ಕಿ ಅಗಲ, 2048 ಚುಕ್ಕಿ ಎತ್ತರ. ಪರದೆಯ ಚುಕ್ಕಿಯನ್ನು ಪಿಕ್ಸೆಲ್ ಎಂದ ಹಾಗೆ, ಇಂಥ ಹಾಳೆಯ ಚುಕ್ಕಿಗೆ ಟೆಕ್ಸೆಲ್ ಎಂದು ಹೆಸರು. ಒಂದೊಂದು ಅಕ್ಷರಕ್ಕೆ 64ಕ್ಕೆ 64ರ ಮನೆ. ಅಡ್ಡಕ್ಕೆ 32, ಉದ್ದಕ್ಕೆ 32, ಒಟ್ಟು 1024 ಮನೆ.

ಹುಡುಗಿ ಹಾಳೆ ತೆರೆದು ಧ ಇರುವ ಮನೆಯನ್ನು ದೊಡ್ಡದು ಮಾಡುತ್ತಾಳೆ. ಮನೆ ಶುರುವಾಗುವುದು ಎಡದಿಂದ 1472ನೇ ಟೆಕ್ಸೆಲ್‌ಗೆ, ಮುಗಿಯುವುದು 1535ಕ್ಕೆ. ದುಂಡನೆಯ ಮೈಯ ಗೆರೆ ನಾಲ್ಕು ಟೆಕ್ಸೆಲ್ ದಪ್ಪ. ಕೆಳಗೆ ನಡುವೆ, 1500ನೇ ಟೆಕ್ಸೆಲ್‌ನಲ್ಲಿ, ಒಂದೇ ಒಂದು ಟೆಕ್ಸೆಲ್ ದಪ್ಪದ, ಒಂಬತ್ತು ಟೆಕ್ಸೆಲ್ ಉದ್ದದ ಸೀಳು ನೆಟ್ಟಗೆ ನಿಂತಿದೆ. ದ ಬೇರೆ, ಧ ಬೇರೆ ಎನ್ನಲು ಇರುವುದು ಅದೊಂದೇ ಗೆರೆ.

ಹಾಳೆಯಲ್ಲಿ ಸೀಳಿದೆ, ಪರದೆಯಲ್ಲಿಲ್ಲ. ಎರಡರ ನಡುವೆ ಇರುವುದು ಹನ್ನೊಂದು ಸಾಲಿನ ಶೇಡರ್.

ಶೇಡರ್ ಎಂದರೆ ಪರದೆಯ ಪ್ರತಿ ಪಿಕ್ಸೆಲ್‌ಗೂ ಬೇರೆಬೇರೆಯಾಗಿ ಓಡುವ ಪುಟ್ಟ ಪ್ರೋಗ್ರಾಂ. ಈ ಟ್ಯಾಬ್ಲೆಟ್ಟಿನ ಪರದೆ 1280ಕ್ಕೆ 800, ಅಂದರೆ 10,24,000 ಪಿಕ್ಸೆಲ್. ಸೆಕೆಂಡಿಗೆ 60 ಸಲ ಪರದೆ ತುಂಬಬೇಕು. ಪ್ರತಿ ಪಿಕ್ಸೆಲ್ಲೂ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತದೆ: ನನ್ನ ಬಣ್ಣ ಯಾವುದು? ಶೇಡರ್ ಹಾಳೆಯ ಒಂದು ವಿಳಾಸ ಲೆಕ್ಕ ಹಾಕಿ ಅಲ್ಲಿಂದ ಬಣ್ಣ ತರಿಸುತ್ತದೆ.

ತೊಡಕು ಈ ವಿಳಾಸದ್ದೇ. ‘1500ನೇ ಟೆಕ್ಸೆಲ್ ಕೊಡು’ ಎಂದರೆ ಇಂಥ ಹಾಳೆಯನ್ನು, ಅಂದರೆ ಟೆಕ್ಸ್ಚರನ್ನು, ಓದುವ ಮಾಮೂಲಿ ಯಂತ್ರಕ್ಕೆ ತಿಳಿಯುವುದಿಲ್ಲ. ಹಾಳೆ ಎಷ್ಟೇ ಅಗಲವಿರಲಿ, ಅದರ ಎಡ ಅಂಚು 0, ಬಲ ಅಂಚು 1. ನಡುವಿನದೆಲ್ಲ ದಶಾಂಶ. 1974ರಲ್ಲಿ ಯೂಟಾ ವಿಶ್ವವಿದ್ಯಾಲಯಕ್ಕೆ ಕೊಟ್ಟ ಪಿಎಚ್‌ಡಿ ಪ್ರಬಂಧದಲ್ಲಿ, ಮುಂದೆ ಪಿಕ್ಸಾರ್ ಕಟ್ಟಿದವರಲ್ಲಿ ಒಬ್ಬರಾದ ಎಡ್ ಕ್ಯಾಟ್‌ಮಲ್ ಬಾಗಿದ ಮೇಲ್ಮೈಗೆ ಚಿತ್ರ ಹೊದಿಸುವ ದಾರಿ ತೋರಿಸಿದರು. ಮೇಲ್ಮೈಯ ಮೇಲೆ ಯು ಒಂದು ದಿಕ್ಕು, ವಿ ಇನ್ನೊಂದು ದಿಕ್ಕು. ಈಗಲೂ ನಾವು ಯುವಿ ಎಂದೇ ಕರೆಯುತ್ತೇವೆ. ಈ ಏರ್ಪಾಟಿನಿಂದ ದೊಡ್ಡ ಅನುಕೂಲವೊಂದಿದೆ. ಅದೇ ಚಿತ್ರದ 1024ರ ಪ್ರತಿ, 512ರ ಪ್ರತಿ, 256ರ ಪ್ರತಿ ಎಂದು ಚಿಕ್ಕಚಿಕ್ಕದು ಮಾಡಿಟ್ಟುಕೊಂಡು, ದೂರದ ವಸ್ತುವಿಗೆ ಚಿಕ್ಕ ಪ್ರತಿಯನ್ನು ಬಳಸಬಹುದು, ವಿಳಾಸ ಬದಲಾಗುವುದಿಲ್ಲ. ಲ್ಯಾನ್ಸ್ ವಿಲಿಯಮ್ಸ್ 1983ರಲ್ಲಿ ಮಿಪ್‌ಮ್ಯಾಪ್ ಎಂದು ಹೆಸರಿಟ್ಟದ್ದು ಇದಕ್ಕೇ. ನೀವು ಆಡುವ ಯಾವುದೇ ಆಟದಲ್ಲಿ ದೂರದ ರಸ್ತೆ ಮಿಣಮಿಣ ಎನ್ನದೆ ಸುಮ್ಮನೆ ಮಲಗಿದ್ದರೆ, ಅದಕ್ಕೆ ಕಾರಣ ಈ ಪ್ರತಿಗಳು.

“ನಿನ್ನ ಸಾಲು ತೋರಿಸು.”

ತೋರಿಸುತ್ತಾಳೆ. ಟೆಕ್ಸೆಲ್ ಸಂಖ್ಯೆಯನ್ನು 2048ರಿಂದ ಭಾಗಿಸಿದ್ದಾಳೆ. ಅಷ್ಟೇ. ಯಾರಾದರೂ ಮೊದಲು ಬರೆಯುವುದು ಹೀಗೇ, ನಾನೂ ಹೀಗೇ ಬರೆದಿದ್ದೆ.

ಈಗ ಕುರ್ಚಿ ಬಿಟ್ಟು ಏಳಿ. ಮೈ ಕುಗ್ಗಿಸಿಕೊಳ್ಳಿ. ಇನ್ನೂ ಸ್ವಲ್ಪ. ಹಾಳೆಯೊಳಗೆ ಇಳಿಯೋಣ.

ಕಾಲ ಕೆಳಗೆ ಚೌಕ ಚೌಕದ ನೆಲ, ಕಣ್ಣು ಹಾಯುವವರೆಗೂ. ಶಾಯಿ ಇಲ್ಲದ ಕಡೆ ಬಿಳಿ ಟೈಲ್ಸ್, ಶಾಯಿ ಇರುವ ಕಡೆ ಕಡಪ ಕಲ್ಲು. ಬಿಳಿಗೆ ಬೆಲೆ 0, ಕರಿ ಕಲ್ಲಿಗೆ 255. ನಿಮ್ಮ ಮುಂದೆ ಒಂದೇ ಕಲ್ಲಿನ ಅಗಲಕ್ಕೆ ಒಂಬತ್ತು ಕಲ್ಲು ಸಾಲಾಗಿ ಹೋಗಿವೆಯಲ್ಲ, ಅದೇ ಸೀಳು. ಎಡಕ್ಕೂ ಬಲಕ್ಕೂ ಬಿಳಿ. ನಿಮಗೆ ಸಿಕ್ಕಿರುವ ವಿಳಾಸ 1500 ÷ 2048, ಅಂದರೆ 0.732421875. ಹೋಗಿ ನಿಲ್ಲಿ.

ಕಾಲು ನೋಡಿಕೊಳ್ಳಿ. ಕಲ್ಲಿನ ಮೇಲೆ ನಿಂತಿದ್ದೀರಾ? ಇಲ್ಲ. ಸಂದಿಯ ಮೇಲೆ ನಿಂತಿದ್ದೀರಿ. ಎಡಪಾದ 1499ನೇ ಬಿಳಿ ಟೈಲಿನ ಮೇಲೆ, ಬಲಪಾದ 1500ನೇ ಕಲ್ಲಿನ ಮೇಲೆ.

ಟೆಕ್ಸ್ಚರ್ ಯಂತ್ರ ನಿಮ್ಮ ವಿಳಾಸ ತೆಗೆದುಕೊಳ್ಳುತ್ತದೆ. 2048ರಿಂದ ಗುಣಿಸುತ್ತದೆ: 1500. ಅರ್ಧ ಕಳೆಯುತ್ತದೆ: 1499.5. ಅದರ ಪೂರ್ಣ ಭಾಗ 1499, ಉಳಿದದ್ದು 0.5. ಅಂದರೆ 1499ರಿಂದ ಅರ್ಧ, 1500ರಿಂದ ಅರ್ಧ ತೆಗೆದು ಬೆರೆಸು ಎಂದು ಅದು ತಿಳಿದುಕೊಳ್ಳುತ್ತದೆ. ಮೇಲೆ ಕೆಳಗಿನ ಸಾಲುಗಳಿಗೂ ಇದೇ ಲೆಕ್ಕ, ಒಟ್ಟು ನಾಲ್ಕು ಟೈಲು. ಸೀಳು ಉದ್ದಕ್ಕೆ ಹರಿದಿರುವುದರಿಂದ ಮೇಲೆ ಕೆಳಗೆ ಬೆರೆತರೂ ನಡುವೆ ನಷ್ಟವಿಲ್ಲ. ಅಡ್ಡಕ್ಕೆ ಬೆರೆತಾಗ ಮಾತ್ರ 0 ಮತ್ತು 255 ಸೇರಿ 127.5 ಆಗುತ್ತದೆ. ಅರ್ಧ ಶಾಯಿ. ಪಕ್ಕದ ಪಿಕ್ಸೆಲ್ 1500 ಮತ್ತು 1501ರ ಸಂದಿಯಲ್ಲಿ ನಿಂತಿರುತ್ತದೆ; ಅದಕ್ಕೂ ಅರ್ಧ ಶಾಯಿ. ಒಂದು ಟೆಕ್ಸೆಲ್‌ನ ಕಡುಗಪ್ಪು ಗೆರೆ ಎರಡು ಪಿಕ್ಸೆಲ್‌ನ ಬೂದು ಗೆರೆಯಾಯಿತು.

ಬರೀ ಬೂದಾಗಿದ್ದರೆ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಸುಮ್ಮನಾಗುತ್ತಿದ್ದರೇನೋ. ಆದರೆ ಶೇಡರ್‌ನ ಕೊನೆಯ ಸಾಲು ಶಾಯಿ 0.6ಕ್ಕಿಂತ ಕಡಿಮೆ ಇದ್ದರೆ ಆ ಪಿಕ್ಸೆಲ್ಲನ್ನೇ ಎಸೆ ಎನ್ನುತ್ತದೆ. ಹೋದ ವಾರ ಅಕ್ಷರದ ಸುತ್ತ ಮಸಿ ಮಸಿ ಕಾಣುತ್ತಿದೆ ಎಂದು ಹುಡುಗಿಯೇ ಮಿತಿ ಏರಿಸಿದ್ದಳು. ಆ ಮಸಿಯೂ ಇದೇ ರೋಗದ ಲಕ್ಷಣ ಎಂದು ಆಗ ನನಗೂ ಹೊಳೆಯಲಿಲ್ಲ, ಸರಿ ಮಾಡಮ್ಮ ಎಂದಿದ್ದೆ. 0.5 ಎಂದರೆ 0.6ಕ್ಕಿಂತ ಕಡಿಮೆ. ಸೀಳು ಹೋಯಿತು. ಮೈಯ ಗೆರೆ ನಾಲ್ಕು ಟೆಕ್ಸೆಲ್ ಇದ್ದದ್ದು ಅಂಚಿನ ಬೂದು ಕಳೆದುಕೊಂಡು ಮೂರಕ್ಕೆ ಸೊರಗಿತು, ಆದರೂ ಉಳಿಯಿತು. ಧನ ದನವಾದದ್ದು ಹೀಗೆ.

ಮೇಲೆ ಬನ್ನಿ. ಕುರ್ಚಿ ಇನ್ನೂ ಬಿಸಿ ಇದೆ.

ನಾನು ಕೆಳಗಿನ ಅಂಗಡಿಯ ಹಳೇ ಬಿಲ್ಲಿನ ಹಿಂದೆ ಚೌಕಾಬಾರದ ಮಣೆ ಬರೆಯುತ್ತೇನೆ. ಅಡ್ಡಕ್ಕೆ ಐದು ಮನೆ, ಉದ್ದಕ್ಕೆ ಐದು ಮನೆ.

“ಗೆರೆ ಎಷ್ಟಿದೆ?”

“ಐದು... ಅಲ್ಲ, ಆರು ಸರ್.”

“ಆ ಗೆರೆಗಳಿಗೆ ಎಡದಿಂದ ನಂಬರು ಹಾಕು. ಸೊನ್ನೆಯಿಂದ.”

ಅವಳು 0, 1, 2, 3, 4, 5 ಎಂದು ಬರೆಯುತ್ತಾಳೆ. ಈಗ ಮನೆಗಳಿಗೆ ಹಾಕು ಎನ್ನುತ್ತೇನೆ. ಮನೆಗಳಿಗೆ 0ಯಿಂದ 4. ನಡುಮನೆ 2. ಕಾಯಿ ಹಣ್ಣಾಗಬೇಕಾದರೆ ಹೋಗಿ ಕೂರಬೇಕಾದ ಮನೆ ಅದು. ಅದರ ನಟ್ಟನಡು ಇಡೀ ಮಣೆಯ ನಟ್ಟನಡುವೂ ಹೌದು, ಅಂದಮೇಲೆ ಅದರ ವಿಳಾಸ 0.5 ಅಲ್ಲದೆ ಬೇರೆ ಇರಲು ಸಾಧ್ಯವಿಲ್ಲ.

“ನಿನ್ನ ಸೂತ್ರ ಹಾಕು.”

“ಎರಡು ಭಾಗಿಸು ಐದು... ಸೊನ್ನೆ ಪಾಯಿಂಟ್ ನಾಲ್ಕು.” ಪೆನ್ಸಿಲ್ ತುದಿ 2ನೇ ಗೆರೆಯ ಮೇಲೆ ಹೋಗಿ ನಿಲ್ಲುತ್ತದೆ. ಮನೆಯೊಳಗೆ ಅಲ್ಲ, ಮನೆಯ ಗೋಡೆಯ ಮೇಲೆ. “ಕಾಯಿ ಹಣ್ಣಾಗ್ಲಿಲ್ಲ ಸರ್.”

ಚೌಕಾಬಾರ ಆಡಿದವರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ. ಎರಡನೇ ಮನೆ ಎಂದರೆ ಎರಡನೇ ಗೆರೆಗೂ ಮೂರನೇ ಗೆರೆಗೂ ನಡುವಿನ ಜಾಗ. ಅದರ ಮಧ್ಯ 2.5. ಅದನ್ನು ಐದರಿಂದ ಭಾಗಿಸಿದರೆ 0.5. ಮನೆಯ ನಂಬರಿಗೆ ಮೊದಲು ಅರ್ಧ ಕೂಡಿಸಿ, ಆಮೇಲೆ ಭಾಗಿಸಬೇಕು. ನಾಲ್ಕೇ ಟೆಕ್ಸೆಲ್‌ನ ಪಟ್ಟಿಯಾದರೆ ಮಧ್ಯಗಳು 0.125, 0.375, 0.625, 0.875. ಸೊನ್ನೆಯೂ ಇಲ್ಲ, ಒಂದೂ ಇಲ್ಲ. ಅಂಚಿನ ಮೇಲೆ ಯಾರೂ ವಾಸವಿಲ್ಲ.

ಆದರೆ ಹುಡುಗಿಗೆ ಅಷ್ಟು ತಾಳ್ಮೆಯಿಲ್ಲ. ನಾನು ಮಾತು ಮುಗಿಸುವಷ್ಟರಲ್ಲಿ ಅವಳು 2048ನ್ನು 2047 ಮಾಡಿ ಓಡಿಸಿದ್ದಾಳೆ. ಮನೆಗಳು 0ಯಿಂದ 2047, ಹಾಗಾಗಿ 2047ರಿಂದ ಭಾಗಿಸಿದರೆ ಕೊನೆಯದಕ್ಕೆ ಸರಿಯಾಗಿ 1 ಬರುತ್ತದಲ್ಲ ಎಂದು ಅವಳ ವಾದ.

“ಬಂತು ಸರ್!”

ಪರದೆಯಲ್ಲಿ ಧನ. ಸೀಳು ಸ್ವಲ್ಪ ಮಂಕು, ಆದರೆ ಇದೆ. ನಿಮಗೂ ಖುಷಿಯಾಯಿತಲ್ಲವೆ? ನನಗೆ ಇಂಥ ಗಳಿಗೆಯೇ ಹೆಚ್ಚು ಭಯ. ಮುಂದಿನ ಪದಕ್ಕೆ ಹೋಗು ಎನ್ನುತ್ತೇನೆ. ಹಣ್ಣಿನ ಬುಟ್ಟಿ. ಕೆಳಗೆ ಇನ್ನೂ ‘ಪಲ’.

ಮತ್ತೆ ಹಾಳೆಗೆ ಹೋಗಿ ನೋಡಿದರೆ ಫ ಇರುವುದು ಬಲತುದಿಯ ಮನೆಯಲ್ಲಿ; ಅದರ ಸೀಳು 2012ನೇ ಟೆಕ್ಸೆಲ್‌ನಲ್ಲಿ. 2047ರಿಂದ ಭಾಗಿಸುವುದು ಎಂದರೆ ಹಾಳೆಯನ್ನು ಎರಡೂ ಕಡೆಗೆ ಹಿಡಿದು ಒಂದು ಟೆಕ್ಸೆಲ್‌ನಷ್ಟು ಜಗ್ಗಿದ ಹಾಗೆ. ನಡುವೆ ಎಲ್ಲ ಸರಿ. ಎಡ ಅಂಚಿನಲ್ಲಿ ಅರ್ಧ ಟೆಕ್ಸೆಲ್ ಎಡಕ್ಕೆ, ಬಲ ಅಂಚಿನಲ್ಲಿ ಅರ್ಧ ಟೆಕ್ಸೆಲ್ ಬಲಕ್ಕೆ ತಪ್ಪು. ಧ ಇರುವ 1500ರಲ್ಲಿ ತಪ್ಪು ಸುಮಾರು 0.23, ಹಾಗಾಗಿ ಶಾಯಿ 0.77 ಉಳಿದು ಮಿತಿ ದಾಟಿತು. 2012ರಲ್ಲಿ ತಪ್ಪು 0.48, ಶಾಯಿ 0.52, ಎಸೆ. ಇಂಥ ಅರೆವಾಸಿ ಔಷಧಿಯೇ ಪೂರ್ತಿ ತಪ್ಪಿಗಿಂತ ಕೆಟ್ಟದ್ದು. ಧನ ಒಂದನ್ನೇ ನೋಡಿ ಮನೆಗೆ ಹೋಗಿದ್ದರೆ ನಾಳೆ ಮೇಷ್ಟ್ರು ಫಲ ತೋರಿಸುತ್ತಿದ್ದರು.

“ಅರ್ಧ ಎಲ್ಲಿ ಹೋಯ್ತು ಅಂತ ಮೊದಲು ಹುಡುಕೋಣ,” ಎನ್ನುತ್ತೇನೆ. “ಯಾಕಂದ್ರೆ ಓಪನ್‌ಜಿಎಲ್ ನಿನಗೆ ಅದನ್ನ ಕೊಟ್ಟೇ ಇರುತ್ತೆ.”

ಇದು ನಿಜ. ಓಪನ್‌ಜಿಎಲ್ ಎಂದರೆ ಜಿಪಿಯುಗೆ ಕೆಲಸ ಹೇಳಲು ನಾವು ಬಳಸುವ ಏರ್ಪಾಟು. ಪರದೆಯಲ್ಲಿ ನಾನು ಎಲ್ಲಿದ್ದೇನೆ ಎಂದು ಶೇಡರ್ ಕೇಳಿದರೆ, ಮೂಲೆಯ ಮೊದಲ ಪಿಕ್ಸೆಲ್‌ಗೆ ಸಿಗುವ ಉತ್ತರ 0, 0 ಅಲ್ಲ, 0.5, 0.5. ಅದರ ಪಕ್ಕದ್ದು 1.5. ಪ್ರತಿಯೊಂದು ಪಿಕ್ಸೆಲ್ಲೂ ತನ್ನ ಮನೆಯ ನಡುವಿನಿಂದಲೇ ಓಗೊಡುತ್ತದೆ. ಹುಡುಗಿ ಹನ್ನೊಂದು ಸಾಲುಗಳನ್ನು ಬೆರಳಿಟ್ಟು ಓದುತ್ತಾ ಹೋಗಿ ನಾಲ್ಕನೆಯದರಲ್ಲಿ ನಿಲ್ಲುತ್ತಾಳೆ. ಅಲ್ಲಿ ಫ್ಲೋರ್ ಇದೆ, ದಶಾಂಶ ಕತ್ತರಿಸಿ ಪೂರ್ಣಾಂಕ ಮಾತ್ರ ಉಳಿಸುವ ಕೆಲಸ ಅದರದ್ದು.

“ನಾನೇ ಹಾಕಿದ್ದು ಸರ್. ಎಲ್ಲಾ ನಂಬರಿಗೂ ಪಾಯಿಂಟ್ ಐದು ಅಂಟಿಕೊಂಡು ಬರ್ತಿತ್ತು. ಗಲೀಜು ಅಂದ್ಕೊಂಡು ತೆಗೆದ್ಬಿಟ್ಟೆ.”

ಬೈಯುವುದೇನು ಬಂತು. ಮೊಸರಿನ ಮೇಲಿನ ಕೆನೆಯನ್ನು ಕಸವೆಂದು ತೆಗೆದುಹಾಕುವ ಮಕ್ಕಳಿದ್ದಾರೆ. ಫ್ಲೋರ್ ಅಳಿಸಿ, 2047ನ್ನು ಮತ್ತೆ 2048 ಮಾಡಿದಳು. ಈಗ ವಿಳಾಸ 1500.5 ÷ 2048. ಯಂತ್ರ ಗುಣಿಸಿ ಅರ್ಧ ಕಳೆದರೆ ಸರಿಯಾಗಿ 1500, ಉಳಿಕೆ ಸೊನ್ನೆ, ಬೆರೆಸುವುದಕ್ಕೇ ಏನಿಲ್ಲ. ಲ್ಯಾಪ್‌ಟಾಪ್ ಪರದೆಯಲ್ಲಿ ಧನ, ಫಲ, ಭತ್ತ ಮೂರೂ ಕಡುಗಪ್ಪಾಗಿ, ಸೀಳು ಸಮೇತ ನಿಂತಿವೆ. ಮಿತಿಯನ್ನು 0.6ರಲ್ಲೇ ಬಿಟ್ಟೆವು. ಮಸಿಯೂ ಇಲ್ಲ.

ಕಾಫಿ ಬಿಸಿ ಮಾಡಿಕೊಂಡು ಬರುತ್ತೇನೆ, ಅಷ್ಟರಲ್ಲಿ ಒಂದು ಹಳೇ ಕಥೆ ಕೇಳಿ. ಆಡು-ಹುಲಿ ಆಟ ನೋಡಿದ್ದೀರಲ್ಲ? ದೇವಸ್ಥಾನದ ಜಗಲಿಕಲ್ಲುಗಳ ಮೇಲೆ ಕೊರೆದಿರುತ್ತಾರೆ. ಅಲ್ಲಿ ಕಾಯಿ ಕೂರುವುದು ಮನೆಯೊಳಗಲ್ಲ, ಗೆರೆ ಗೆರೆ ಕೂಡುವ ಜಾಗದಲ್ಲಿ. ಚೌಕಾಬಾರದ ಲೆಕ್ಕ ಬೇರೆ, ಇದರ ಲೆಕ್ಕ ಬೇರೆ, ಎರಡೂ ಸರಿ. ಕಷ್ಟ ಬರುವುದು ಒಂದೇ ಮಣೆಯ ಮೇಲೆ ಎರಡನ್ನೂ ಆಡಿದಾಗ. ಮೈಕ್ರೋಸಾಫ್ಟ್ 2002ರಲ್ಲಿ ತಂದ, ಓಪನ್‌ಜಿಎಲ್‌ನಂಥದೇ ಆದ ಡೈರೆಕ್ಟ್‌ಎಕ್ಸ್ 9ರಲ್ಲಿ ಹಾಗೇ ಆಗಿತ್ತು. ಪರದೆಯ ಪಿಕ್ಸೆಲ್‌ಗಳ ಮಧ್ಯ ಪೂರ್ಣಾಂಕದ ಮೇಲೆ, ಆಡು-ಹುಲಿಯಂತೆ. ಟೆಕ್ಸೆಲ್‌ಗಳ ಮಧ್ಯ ಅರ್ಧದ ಮೇಲೆ, ಚೌಕಾಬಾರದಂತೆ. ಪರದೆ ತುಂಬ ಒಂದು ಚಿತ್ರ ಹಾಕಿದರೆ ಇಡೀ ಚಿತ್ರ ಅರ್ಧ ಪಿಕ್ಸೆಲ್ ಸರಿದು ಮಸುಕಾಗುತ್ತಿತ್ತು. ನಾನು ಕಸುಬು ಕಲಿತದ್ದು ಆ ಕಾಲದಲ್ಲಿ. ಚಿತ್ರವನ್ನು ಅರ್ಧ ಪಿಕ್ಸೆಲ್ ಹಿಂದಕ್ಕೆ ತಳ್ಳುವ ಒಂದು ಸಾಲನ್ನು ಅವರಿಂದ ಇವರು, ಇವರಿಂದ ಅವರು ನಕಲು ಮಾಡಿಕೊಳ್ಳುತ್ತಿದ್ದೆವು. ಯಾಕೆ ಎಂದು ಕೇಳಿದರೆ ತೆಗೆದರೆ ಕೆಡುತ್ತದೆ ಎನ್ನುತ್ತಿದ್ದರು, ಮನೆದೇವರ ಹರಕೆಯ ಹಾಗೆ. ವಿಂಡೋಸ್ ವಿಸ್ಟಾ ಜೊತೆ ಬಂದ ಡೈರೆಕ್ಟ್‌ಎಕ್ಸ್ 10 ಎರಡನ್ನೂ ಚೌಕಾಬಾರಕ್ಕೇ ತಂದಿತು. ಆಗ ಆ ಸಾಲನ್ನು ತೆಗೆಯಲು ಮರೆತವರ ಚಿತ್ರಗಳೆಲ್ಲ ಇನ್ನೊಂದು ದಿಕ್ಕಿಗೆ ಅರ್ಧ ಪಿಕ್ಸೆಲ್ ಸರಿದವು!

ಇದಕ್ಕೆಲ್ಲ ಬಹಳ ಮೊದಲು, 1990ರಲ್ಲಿ ಬಂದ ಗ್ರಾಫಿಕ್ಸ್ ಜೆಮ್ಸ್ ಎಂಬ ಪುಸ್ತಕದಲ್ಲಿ ಪಾಲ್ ಹೆಕ್‌ಬರ್ಟ್ ಪಿಕ್ಸೆಲ್ಲಿನ ನಿರ್ದೇಶಾಂಕ ಯಾವುದು ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಟ್ಟು ಪುಟ್ಟ ಟಿಪ್ಪಣಿ ಬರೆದಿದ್ದರು. ಅದು ನನ್ನ ಕೈಗೆ ಸಿಕ್ಕಿದ್ದು ಹರಕೆ ಸಾಲು ನೂರು ಸಲ ಬರೆದಾದ ಮೇಲೆ.

ಹಿಂದಿರುಗುವ ದಾರಿಯಲ್ಲೂ ಒಂದು ಗುಂಡಿ ಇದೆ, ಬೇಗ ದಾಟಿಬಿಡೋಣ. ದಶಾಂಶದಿಂದ ಮನೆಯ ನಂಬರಿಗೆ ಬರುವಾಗ ಫ್ಲೋರ್ ಬೇಕೇ ಬೇಕು, ಅಲ್ಲಿ ಅದು ಕಸವಲ್ಲ. 2048ರಿಂದ ಗುಣಿಸಿ ದಶಾಂಶ ಕತ್ತರಿಸಿದರೆ ಟೆಕ್ಸೆಲ್ ನಂಬರು. ಹತ್ತಿರದ ಪೂರ್ಣಾಂಕಕ್ಕೆ ದುಂಡಾಗಿಸಿದರೆ ಅರ್ಧ ಮನೆ ದಾಟಿದವರೆಲ್ಲ ಪಕ್ಕದ ಮನೆಗೆ ಹೋಗಿಬಿಡುತ್ತಾರೆ. ಸರಿಯಾಗಿ 1.0 ಬಂದರೆ 2048 ಎಂಬ ಇಲ್ಲದ ಮನೆಗೆ ಹೋಗಿ ಬಾಗಿಲು ತಟ್ಟಿದ ಹಾಗೆ. ಹೋದ ತಿಂಗಳು ಅಕ್ಷರಗಳ ಪುಟದ ಬಲ ಅಂಚನ್ನು ಮಗುವೊಂದು ಒತ್ತಿದಾಗ ಆಟ ನಿಂತುಹೋದದ್ದು ಇದಕ್ಕೇ. 32 ಮನೆಯ ಸಾಲಿನಲ್ಲಿ 32ನೇ ನಂಬರು ಹುಡುಕಿತ್ತು, ಕೊನೆಯದು 31. ತಲೆಕೆಳಗಾಗುವ ಕಥೆ ಇನ್ನೊಂದು. ಚಿತ್ರದ ಕಡತದಲ್ಲಿ ಸಾಮಾನ್ಯವಾಗಿ ಮೇಲಿನ ಸಾಲು ಮೊದಲು. ಓಪನ್‌ಜಿಎಲ್‌ಗೆ ಸೊನ್ನೆ ಇರುವುದು ಕೆಳಗೆ. ತಿರುಗಿಸುವಾಗ ಮನೆಯ ನಂಬರಾದರೆ 2047ರಿಂದ ಕಳೆಯಬೇಕು, ಮನೆಯ ಮಧ್ಯವಾದರೆ 2048ರಿಂದ. ಹುಡುಗಿಯ 2047 ಪಾಪ ಪೂರ್ತಿ ದಂಡವಲ್ಲ, ಅದಕ್ಕೂ ಒಂದು ಜಾಗವಿದೆ.

ಹತ್ತೂಮುಕ್ಕಾಲು. ಮಳೆ ಹನಿಗೆ ಇಳಿದಿದೆ. ಕೇಬಲ್ ಹಾಕಿ ಟ್ಯಾಬ್ಲೆಟ್ಟಿಗೆ ಆಟ ಇಳಿಸುತ್ತಾಳೆ. ಶಾಲೆಗೆ ಕೊಟ್ಟಿರುವುದು ಈ ಅಗ್ಗದ ಮಾದರಿಯನ್ನೇ. ಬಿರುಕು ಬಿಟ್ಟ ಗಾಜಿನ ಹಿಂದೆ ಭತ್ತದ ತೆನೆ, ಕೆಳಗೆ ಭತ್ತ. ಸರಿ. ಮುಂದಿನದು ಚಿನ್ನದ ಚೀಲ.

ದನ.

ಯಾರೂ ಮಾತಾಡುವುದಿಲ್ಲ. ಅವಳು ಲ್ಯಾಪ್‌ಟಾಪ್ ಕಡೆ ತಿರುಗುತ್ತಾಳೆ: ಧನ. ಟ್ಯಾಬ್ಲೆಟ್ ಕಡೆ: ದನ. ಅದೇ ಹಾಳೆ, ಅದೇ ಹನ್ನೊಂದು ಸಾಲು.

“ಪೆನ್ಸಿಲ್ ತಗೋ,” ಎನ್ನುತ್ತೇನೆ. “ಹಾಳೆಯ ಪ್ರಿಂಟಿನ ಮೇಲೆ ಸರಿ ಇರೋದಕ್ಕೆ ಟಿಕ್, ತಪ್ಪಾಗಿರೋದಕ್ಕೆ ಇಂಟು.”

ಹದಿನೈದು ನಿಮಿಷ ಅದೇ ಕೆಲಸ. ನೀವೂ ಒಂದು ಕೈ ಹಾಕಿ: ನೀವು ಪದ ಓದಿ, ಅವಳು ಗುರುತು ಹಾಕಲಿ. ಕೊನೆಗೆ ಕಾಗದ ಎತ್ತಿ ಹಿಡಿದಾಗ ನನ್ನ ಮೈ ಜುಮ್ಮೆಂದಿತು. ಎಡ ಅರ್ಧದಲ್ಲಿ ಎಲ್ಲ ಟಿಕ್. ಇಂಟು ಇರುವುದೆಲ್ಲ ಬಲ ಅರ್ಧದಲ್ಲಿ. ನಡುವೆ 1024ರಲ್ಲಿ ದಾರ ಹಿಡಿದು ಗೆರೆ ಎಳೆದ ಹಾಗಿದೆ.

ಅಷ್ಟು ನೇರವಾದ ಗೆರೆಯನ್ನು ಎಳೆಯುವುದು ಎರಡರ ಘಾತಗಳು ಮಾತ್ರ. ಶೇಡರ್‌ನ ಮೊದಲ ಸಾಲಿಗೆ ಹೋಗಿ. ಎಲ್ಲರೂ ಕಣ್ಣು ಹಾಯಿಸದೆ ನಕಲು ಮಾಡುವ ಸಾಲು ಅದು: ಸಂಖ್ಯೆಗಳೆಲ್ಲ ಮೀಡಿಯಮ್‌ಪಿ, ಅಂದರೆ ಮಧ್ಯಮ ನಿಖರತೆ ಸಾಕು ಎಂಬ ಒಪ್ಪಿಗೆ. ಲ್ಯಾಪ್‌ಟಾಪಿನ ಜಿಪಿಯು ಆ ಮಾತನ್ನು ಕಿವಿಗೇ ಹಾಕಿಕೊಳ್ಳದೆ 32 ಬಿಟ್‌ನಲ್ಲೇ ಲೆಕ್ಕ ಮಾಡುತ್ತದೆ. ಟ್ಯಾಬ್ಲೆಟ್ಟಿನದು ಬ್ಯಾಟರಿ ಉಳಿಸಬೇಕಾದ ಬಡಪಾಯಿ, ಹೇಳಿದ್ದನ್ನು ಹೇಳಿದ ಹಾಗೇ ಕೇಳಿ 16 ಬಿಟ್‌ಗೆ ಇಳಿಯುತ್ತದೆ. ಆ ಹದಿನಾರರಲ್ಲಿ ಚಿಹ್ನೆಗೆ 1, ಘಾತಕ್ಕೆ 5, ಅಂಕಿಗೆ ಉಳಿಯುವುದು 10.

ಮತ್ತೊಮ್ಮೆ ಇಳಿಯೋಣ ಬನ್ನಿ, ಈ ಸಲ ನೆಲದ ಮೇಲಲ್ಲ, ಒಂದು ಅಳತೆ ಟೇಪಿನ ಮೇಲೆ. ದರ್ಜಿಯ ಟೇಪಿನಂತಲ್ಲ ಇದು. ಮುಂದೆ ಹೋದಂತೆ ಇದರ ಗುರುತುಗಳು ದೂರ ದೂರವಾಗುತ್ತವೆ. 256ರಿಂದ 512ರವರೆಗೆ ನಡೆಯಿರಿ, ಕಾಲು ಕಾಲಿಗೆ ಒಂದು ಗುರುತು ಇದೆ. 512 ದಾಟಿದಿರಿ, ಈಗ ಅರ್ಧ ಅರ್ಧಕ್ಕೆ. 700.5 ಬೇಕೆ? ಇದೆ, ನಿಲ್ಲಿ. 1023.5? ಅದೂ ಇದೆ. 1024 ದಾಟಿ ಹೆಜ್ಜೆ ಇಡಿ. 1025, 1026, 1027... ನಡುವೆ ಏನೂ ಇಲ್ಲ. ಬಟ್ಟೆ ಬರೀ ಬೋಳು. 1500.5 ಎಂದು ಬರೆದ ಚೀಟಿ ನಿಮ್ಮ ಕೈಯಲ್ಲಿದೆ, ಆದರೆ ನಿಲ್ಲಲು ಗುರುತಿಲ್ಲ. 1500ಕ್ಕೋ 1501ಕ್ಕೋ ಜಾರಲೇಬೇಕು. ಎರಡೂ ಸಂದಿಗಳೇ. ನಾವು ಫ್ಲೋರ್ ಅಳಿಸಿ ಉಳಿಸಿದ ಅರ್ಧವನ್ನು ಟೇಪು ನುಂಗಿತು.

“ಮೊದಲೇ ಭಾಗಿಸಿಬಿಟ್ರೆ ಸರ್? ಸಣ್ಣ ನಂಬರಾಗುತ್ತಲ್ಲ?”

ಒಳ್ಳೆ ಪ್ರಶ್ನೆ, ಆದರೆ ತಪ್ಪಿಸಿಕೊಳ್ಳಲಾಗದು. 0.5ರಿಂದ 1ರವರೆಗೆ ಈ ಟೇಪಿನ ಗುರುತುಗಳು 2048ರಲ್ಲಿ ಒಂದು ಪಾಲಿನಷ್ಟು ದೂರ, ಸರಿಯಾಗಿ ಒಂದು ಟೆಕ್ಸೆಲ್. ಪಿಕ್ಸೆಲ್ ಲೆಕ್ಕದಲ್ಲಿ ಹೋದರೂ ದಶಾಂಶದ ಲೆಕ್ಕದಲ್ಲಿ ಹೋದರೂ ಅದೇ ನಡುಗೆರೆಯಲ್ಲಿ ಎಡವುತ್ತೀರಿ. ಹಾಳೆ 1024 ಅಗಲದ್ದಾಗಿದ್ದರೆ ಎಲ್ಲ ಮಧ್ಯಗಳಿಗೂ ಗುರುತು ಇರುತ್ತಿತ್ತು, ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಿಗೆ ಇರುತ್ತಿರಲಿಲ್ಲ. ಮೊದಲು ನಮ್ಮ ಹಾಳೆ 1024ರದ್ದೇ ಇತ್ತು. ಒತ್ತಕ್ಷರ ಸೇರಿಸಬೇಕೆಂದು ಮೂರು ತಿಂಗಳ ಹಿಂದೆ ದೊಡ್ಡದು ಮಾಡಿಸಿದವನು ನಾನು.

ದಾರಿ ಎರಡಿದ್ದವು. 2012ರ ಓಪನ್‌ಜಿಎಲ್ ಇಎಸ್ 3.0 ಬಂದಮೇಲೆ ಮೊಬೈಲಿನಲ್ಲೂ ಟೆಕ್ಸೆಲ್‌ಫೆಚ್ ಸಿಗುತ್ತದೆ. ಅದಕ್ಕೆ 1500 ಎಂದರೆ 1500, ಅರ್ಧವೂ ಬೇಡ, ಭಾಗಾಕಾರವೂ ಬೇಡ. ಆದರೆ ಅದು ಬೆರೆಸುವುದಿಲ್ಲ. ಮಗು ಅಕ್ಷರ ಮುಟ್ಟಿದರೆ ಅದು ನಯವಾಗಿ ದೊಡ್ಡದಾಗಬೇಕು, ಮೆಟ್ಟಿಲು ಮೆಟ್ಟಿಲಾಗಿ ಅಲ್ಲ. ಹಾಗಾಗಿ ಇನ್ನೊಂದು ದಾರಿ ಹಿಡಿದೆವು. ವಿಳಾಸ ಹಿಡಿದಿಡುವ ಎರಡು ಚರಗಳನ್ನು ಮಾತ್ರ ಹೈಪಿ, ಅಂದರೆ ಹೆಚ್ಚಿನ ನಿಖರತೆ, ಎಂದು ಘೋಷಿಸಿದಳು. ಬಣ್ಣದ ಲೆಕ್ಕ ಮೀಡಿಯಮ್‌ಪಿಯಲ್ಲೇ ಇರಲಿ, ಬಣ್ಣಕ್ಕೆ ಅಷ್ಟು ಸಾಕು. ಕೀಲಿಮಣೆಯ ಮೇಲೆ ಎರಡು ಪದ ತಟ್ಟಿದ ಸದ್ದು, ಮತ್ತೆ ಕೇಬಲ್, ಮತ್ತೆ ನೀಲಿ ಪಟ್ಟಿ ತುಂಬುವುದಕ್ಕೆ ಕಾಯುವುದು.

ಚಿನ್ನದ ಚೀಲ. ಹುಡುಗಿ ಟ್ಯಾಬ್ಲೆಟ್ಟನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಏನೂ ಹೇಳದೆ ನಿಮ್ಮ ಕೈಗೆ ಕೊಡುತ್ತಾಳೆ. ಕೆಳಗಿನ ಸೀಳು ಉಗುರಿನ ಗೀರಿನಷ್ಟು ಸಣ್ಣದು, ಕಪ್ಪಾಗಿದೆ. ಧನ. ಹಣ್ಣಿನ ಬುಟ್ಟಿ ಬಂತು, ಫಲ.

“ಮುಗೀತಾ ಸರ್? ಹನ್ನೊಂದೂವರೆ ಆಯ್ತು, ಅಮ್ಮ ಮೂರು ಸಲ ಫೋನ್ ಮಾಡಿದ್ರು.”

“ಇನ್ನೊಂದೇ ಒಂದು ನೋಡಿಬಿಡಮ್ಮ.”

ಅವಳಿಗೆ ಗೊತ್ತು ಯಾವುದೆಂದು. ಪಟ್ಟಿಯನ್ನು ಕೆಳಕ್ಕೆ ತಳ್ಳಿ ತಳ್ಳಿ ನಿಲ್ಲಿಸುತ್ತಾಳೆ. ಹುಲ್ಲು ಮೇಯುವ ಕಪಿಲೆ ಬಣ್ಣದ ಹಸು ಪರದೆಗೆ ಬರುತ್ತದೆ. ಕೆಳಗಿನ ಪದ ದನ. ಸೀಳಿಲ್ಲ.

ಅವಳು ಚಾರ್ಜರ್ ಕಿತ್ತು ಚೀಲಕ್ಕೆ ತುರುಕುತ್ತಾಳೆ. ಇಳಿಯುವಾಗ ತಲೆ ಬಗ್ಗಿಸಿ, ಮರೆತೀರಿ.